ಎರಡೂ ಕೈಯಲ್ಲಿ ಎತ್ತಿಕೊಂಡದ್ದು

ಸಂಹಿತಾ ನನಗಿಂತ ಚೆನ್ನಾಗಿ ಮಾತಾಡುತ್ತಾಳೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಆದದ್ದೆಲ್ಲ ಇದರಿಂದಲೇ ಆಯಿತು.

ನಾವಿಬ್ಬರೂ ತುಮಕೂರಿನ ಒಂದು ಕಾನೂನು ಕಾಲೇಜಿನಲ್ಲಿ ಮೂರನೇ ವರ್ಷ ಓದುತ್ತಿದ್ದೆವು. ಅವಳ ಮನೆ ಊರೊಳಗೇ ಇತ್ತು. ತಾಯಿ ಅಪರ್ಣ ವಕೀಲೆ, ತಾತ ಸೀತಾರಾಮಯ್ಯ ನಿವೃತ್ತ ಕನ್ನಡ ಮೇಷ್ಟ್ರು. ನಾನು ಕುಣಿಗಲ್ಲಿನ ಹೆಡ್ ಕಾನ್‌ಸ್ಟೆಬಲ್ ಗಂಗಣ್ಣನ ಮಗಳು ನೇತ್ರಾವತಿ, ಇರುವುದು ಹಾಸ್ಟೆಲಿನಲ್ಲಿ. ಕಾಲೇಜಿನಿಂದ ಚರ್ಚಾಸ್ಪರ್ಧೆಗೆ ಹೋಗುತ್ತಿದ್ದದ್ದು ನಾವಿಬ್ಬರೇ. ಒಬ್ಬಳು ಪರ, ಒಬ್ಬಳು ವಿರೋಧ. ಮೂರು ಸಲ ಹೋಗಿ ಮೂರೂ ಸಲ ಅವಳು ಪ್ರಥಮ, ನಾನು ದ್ವಿತೀಯ.

ನಾನು ಹಾಸ್ಟೆಲ್ ಲೈಬ್ರರಿಯಲ್ಲಿ ಎಂಟು ದಿನ ಕೂತು ಟಿಪ್ಪಣಿ ಮಾಡುತ್ತಿದ್ದೆ. ಅವಳು ಬಸ್ಸಿನಲ್ಲಿ ಅದನ್ನು ಒಂದು ಸಲ ಓದಿ, ವೇದಿಕೆ ಹತ್ತಿ, ಅದೇ ಮಾತನ್ನು ಆಗ ತಾನೇ ಹೊಳೆದಂತೆ ಹೇಳುತ್ತಿದ್ದಳು. ಕದ್ದಳು ಎಂದು ದೂರುವಂತೆಯೂ ಇರಲಿಲ್ಲ. ಬಹುಮಾನ ಕೈಗೆ ಬಂದ ಮೇಲೆ "ಆ ಪಾಯಿಂಟ್ ನೇತ್ರಾದು" ಎಂದು ಎಲ್ಲರೆದುರು ಹೇಳುವವಳು ಅವಳೇ. ಅದು ಇನ್ನಷ್ಟು ಉರಿಸುತ್ತಿತ್ತು.

ಕಳೆದ ದಸರಾ ರಜೆಯಲ್ಲಿ ಅವಳು ಕುಣಿಗಲ್ಲಿಗೆ ಊಟಕ್ಕೆ ಬಂದಿದ್ದಳು. ಅವಳು ಮಾಂಸ ತಿನ್ನುವುದಿಲ್ಲವಾದ್ದರಿಂದ ಅಮ್ಮ ಕೋಳಿ ಮಾಡುವ ಹಾಗಿರಲಿಲ್ಲ, ಅವರೇಕಾಳಿನ ಸಾರು ಮಾಡಿದಳು. ಊಟವಾದ ಮೇಲೆ ಅಪ್ಪ ಮಂಚದ ಮೇಲೆ ಕೂತು, "ಏನಾರ ಒಂದ್ ಮಾತಾಡವ್ವ, ಕೇಳೋಣ" ಅಂದ. ಅವಳು ಪೊಲೀಸರ ರಜೆಯ ಬಗ್ಗೆ ಎರಡು ನಿಮಿಷ ಮಾತಾಡಿದಳು. ಅಪ್ಪನ ಕಣ್ಣು ಒದ್ದೆಯಾಯಿತು.

"ಪುಟ್ತಾಯಿ, ಮಾತು ಅಂದ್ರೆ ಇದು ಕಣೆ" ಎಂದು ಅಮ್ಮನಿಗೆ ಹೇಳಿದ. "ಜಡ್ಜ್ ಆಗೋ ಹುಡ್ಗಿ ಇವ್ಳು."

"ನಮ್ ನೇತ್ರಾನೂ ಮಾತಾಡ್ತಾಳೆ ಬುಡಿ" ಅಂದಳು ಅಮ್ಮ.

"ಇವ್ಳು ಮಾತಾಡಲ್ಲ, ಜಗಳ ಆಡ್ತಾಳೆ."

ಎಲ್ಲರೂ ನಕ್ಕರು. ಸಂಹಿತಾನೂ ನಕ್ಕಳು. ನಾನೂ ನಕ್ಕೆ. ಅಪ್ಪನ ಕಣ್ಣು ನನ್ನ ಮಾತಿಗೆ ಒಂದು ದಿನವೂ ಒದ್ದೆಯಾಗಿದ್ದಿಲ್ಲ.

ಅಪ್ಪ ಕೆಲಸ ಮಾಡುತ್ತಿದ್ದದ್ದು ಪಕ್ಕದ ಜಿಲ್ಲೆಯ ಒಂದು ಠಾಣೆಯಲ್ಲಿ. ಈ ವರ್ಷ ಜುಲೈನಲ್ಲಿ ಆ ಠಾಣೆಯವರು ಒಬ್ಬ ಹುಡುಗನನ್ನು ಹಿಡಿದರು. ಹದಿನೇಳು ವರ್ಷದವನು. ಮುದುಕಿಯೊಬ್ಬಳ ಮಾಂಗಲ್ಯದ ಸರ ಕೀಳುವಾಗ ಆಕೆ ಬಿದ್ದು ಸತ್ತಿದ್ದಳು. ಮಚ್ಚು ಬಚ್ಚಿಟ್ಟ ಜಾಗ ತೋರಿಸಲು ಅವನನ್ನು ಒಂದು ಹೊಲಕ್ಕೆ ಕರೆದುಕೊಂಡು ಹೋದರು. ಅವನು ಅಲ್ಲಿಂದ ಬದುಕಿ ಬರಲಿಲ್ಲ. ಮರುದಿನದ ಪತ್ರಿಕೆಗಳಲ್ಲಿ ಬಂದದ್ದು ಇಷ್ಟು: ಆರೋಪಿ ಮಚ್ಚಿನಿಂದ ಹೆಡ್ ಕಾನ್‌ಸ್ಟೆಬಲ್‌ನ ಎಡಗೈಗೆ ಹೊಡೆದ; ಸಬ್ ಇನ್‌ಸ್ಪೆಕ್ಟರ್ ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಿದರು; ಆದರೂ ನಿಲ್ಲದಿದ್ದಾಗ ಕಾಲಿಗೆ ಗುರಿಯಿಟ್ಟರು; ಅವನು ಬಗ್ಗಿದ್ದರಿಂದ ಗುಂಡು ಬೆನ್ನಿಗೆ ತಗುಲಿತು. ಕೆಳಗೆ ಅಪ್ಪನ ಫೋಟೊ. ಆಸ್ಪತ್ರೆಯ ಹಾಸಿಗೆ, ಮೊಣಕೈವರೆಗೆ ಬ್ಯಾಂಡೇಜು. ಹುಡುಗನ ಹೆಸರು ಹಾಕಿರಲಿಲ್ಲ, ಅಪ್ರಾಪ್ತ ಎಂದು.

ಅಪ್ಪ ಮನೆಗೆ ಬಂದ ದಿನ ಮಧ್ಯಾಹ್ನ, ನಾನು ನಡುಮನೆಯಲ್ಲಿ ಓದುತ್ತಿದ್ದೆ. ಅಡುಗೆಮನೆಯಲ್ಲಿ ಅವನು ಅಮ್ಮನಿಗೆ ಹೇಳಿದ್ದು ಬೇರೆ.

"ಅವ್ನು ಬೇಲಿ ಹಾರ್ತಿದ್ದ ಕಣೆ. ಓಡ್ತಿದ್ದ. ಸಾಹೇಬ್ರು ಹೊಡುದ್ಬುಟ್ರು. ನಾನೇ ಎತ್ಕೊಂಡೆ, ಎರಡೂ ಕೈಲಿ. ಜೀಪಿನ ಗಂಟ ಓಡ್ದೆ. ಅರ್ಧ ದಾರೀಲೇ ಹೋದ."

"ಮತ್ತೆ ಕೈ?"

"ನಮ್ಮೋರಲ್ಲಿ ಯಾರ್ಗಾದ್ರೂ ಗಾಯ ಆಗ್ಬೇಕು ಅಂದ್ರು ಸಾಹೇಬ್ರು. ಆ ಕಾನ್‌ಸ್ಟೆಬಲ್ ಹುಡ್ಗರಿಗೆ ಮಕ್ಳು ಚಿಕ್ಕವು. ಅಂಗಿ ಬಿಚ್ಚಿಟ್ಟು ನಾನೇ ಕೈ ನೀಡ್ದೆ. ಮಚ್ಚು ಬೀಸ್ದೋನ್ ಅಂದಾಜು ತಪ್ತು, ಆಳ ಹೋಯ್ತು, ನರ ತುಂಡಾಯ್ತು."

 ನಲ್ಲಿ ತಿರುಗಿಸಿದ ಸದ್ದು ಕೇಳಿತು. ಆ ದಿನದ ಅಂಗಿ ಅಪ್ಪನಿಗಿಂತ ಮೊದಲೇ ಮನೆಗೆ ಬಂದಿತ್ತು, ಅಮ್ಮ ಅದನ್ನು ಆಗಲೇ ಮೂರು ಸಲ ಒಗೆದಿದ್ದಳು.

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಅಪ್ಪ ಕೋರ್ಟಿನಲ್ಲಿ ಸಾಕ್ಷಿ ಹೇಳುವ ಮೊದಲು ಮನೆಯಲ್ಲಿ ಪಾಠ ಒಪ್ಪಿಸುತ್ತಾನೆ. ಠಾಣೆಯ ರೈಟರ್ ಬರೆದ ಭಾಷೆ ಅವನ ಬಾಯಿಗೆ ಕೂರುವುದಿಲ್ಲ. ಹೈಸ್ಕೂಲಿನಿಂದ ಒಪ್ಪಿಸಿಕೊಳ್ಳುವ ಕೆಲಸ ನನ್ನದು. ಬಾಯಿಗೆ ಬರುವ ಹಾಗೆ ತಿದ್ದಿ ಬರೆದುಕೊಡುತ್ತೇನೆ, ಅವನು ಓಡಾಡುತ್ತ ಹೇಳುತ್ತಾನೆ, ತಪ್ಪಿದರೆ ನಾನು ಹಿಡಿಯುತ್ತೇನೆ. ಈ ಸಾವಿಗೆ ಅಸಿಸ್ಟೆಂಟ್ ಕಮಿಷನರ್ ಅವರ ಮುಂದೆ ವಿಚಾರಣೆ ಇತ್ತು. ಅಪ್ಪನ ಹೇಳಿಕೆಗೆ ಸೆಪ್ಟೆಂಬರಿನ ಒಂದು ಸೋಮವಾರ ಗೊತ್ತಾಯಿತು. ಅದನ್ನೂ ನಾನೇ ಬರೆದೆ, ನಾನೇ ಒಪ್ಪಿಸಿಕೊಂಡೆ. 'ಸದರಿ ಆರೋಪಿಯು ನನ್ನ ಎಡಗೈಗೆ ಹೊಡೆದ ನಂತರ ಸಾಹೇಬರು ಗುಂಡು ಹಾರಿಸಿದರು.' ಆ 'ನಂತರ'ವನ್ನು ಮರೆಯಬೇಡ ಎಂದು ಹತ್ತು ಸಲ ಹೇಳಿದೆ. ಅದೊಂದು ತಪ್ಪಿದರೆ ಅಪ್ಪನ ಕೆಲಸ ಹೋಗುತ್ತಿತ್ತು. ನಿವೃತ್ತಿಗೆ ಉಳಿದಿದ್ದದ್ದು ನಾಲ್ಕು ವರ್ಷ.

ಆ ಸೋಮವಾರಕ್ಕೆ ಮೂರು ದಿನ ಮೊದಲು, ಶುಕ್ರವಾರ, ಗುಬ್ಬಿಯ ಒಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. ವಿಷಯ: ಆತ್ಮರಕ್ಷಣೆಗಾಗಿ ಪೊಲೀಸರು ಅಪ್ರಾಪ್ತ ಆರೋಪಿಯ ಮೇಲೆ ಗುಂಡು ಹಾರಿಸುವುದು ಸಮರ್ಥನೀಯ. ಪತ್ರಿಕೆಗಳಲ್ಲಿ ಬಿಸಿಯಾಗಿದ್ದ ವಿಷಯ, ಹಾಕಿದ್ದರು. ಪ್ರಥಮ ಬಂದವರು ರಾಜ್ಯಮಟ್ಟಕ್ಕೆ.

"ನೀನು ಪರ ತಗೊಳ್ಳೇ" ಅಂದಳು ಸಂಹಿತಾ. "ಏಟು ಬಿದ್ದಿರೋದು ನಿಮ್ಮಪ್ಪಂಗೇ ಅಲ್ವಾ, ನಿಂಗೆ ಮನಸಿಂದ ಬರುತ್ತೆ."

"ನಿಂಗೆ ಯಾವ್ದು ಕೊಟ್ರೂ ಬರುತ್ತೆ. ಮನಸು ಬೇಕಾಗಲ್ಲ."

"ಏಯ್, ಇದು ಹೊಗಳಿಕೇನೋ ಬೈಗುಳಾನೋ?"

"ನೀನೇ ಜಡ್ಜ್ ಅಲ್ವಾ. ತೀರ್ಮಾನ ಮಾಡ್ಕೋ."

ಅವಳು ನಕ್ಕು ನನ್ನ ಭುಜಕ್ಕೆ ಹೊಡೆದಳು. ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಇರಲೇ ಇಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಶುಕ್ರವಾರ ಅಪ್ಪನಿಗೆ ತುಮಕೂರಿನ ಆಸ್ಪತ್ರೆಯಲ್ಲಿ ಕೈ ತೋರಿಸುವುದಿತ್ತು. ಅಲ್ಲಿಂದ ಗುಬ್ಬಿಗೆ ಬಾ ಎಂದು ನಾನೇ ಕರೆದೆ.

"ನಾನ್ಯಾಕವ್ವ ಅಲ್ಲಿಗೆ?"

"ಬಾ ಅಪ್ಪ. ಈ ಸಲ ಗೆಲ್ತೀನಿ."

"ಬತ್ತೀನಿ. ಆದ್ರೆ ನನ್ ವಿಷ್ಯ ತರ್ಬೇಡ. ಒಂದಕ್ಷರಾನೂ."

"ತರಲ್ಲ."

ಬೆಳಿಗ್ಗೆ ಹನ್ನೆರಡು ಕಾಲೇಜುಗಳು ಮಾತಾಡಿದವು. ಮಧ್ಯಾಹ್ನದ ಅಂತಿಮ ಸುತ್ತಿಗೆ ಇಬ್ಬರು ಉಳಿದರು. ಸಂಹಿತಾ, ನಾನು. ತಲಾ ಐದು ನಿಮಿಷ ಮಾತು, ಕೊನೆಗೆ ಒಬ್ಬರಿಗೊಬ್ಬರು ಒಂದೊಂದು ಪ್ರಶ್ನೆ. ತೀರ್ಪುಗಾರರಲ್ಲಿ ಹಿರಿಯರು ಚನ್ನವೀರಯ್ಯ ಎಂಬ ವಯಸ್ಸಾದ ವಕೀಲರು. ಅಪ್ಪ ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತಿದ್ದ. ಎಡಗೈಗೆ ಇನ್ನೂ ಪಟ್ಟಿ ಇತ್ತು.

ಮೊದಲು ಸಂಹಿತಾ. ಅವಳು ಕಾಗದ ನೋಡಲಿಲ್ಲ.

"ಹದಿನೇಳು ವರ್ಷದವನಿಗೆ ಮತ ಹಾಕುವ ಬುದ್ಧಿ ಇಲ್ಲ ಅನ್ನುತ್ತೇವೆ, ಲೈಸೆನ್ಸ್ ಕೊಡುವುದಿಲ್ಲ. ಆದರೆ ಅವನನ್ನು ಕೊಲ್ಲುವಾಗ ಮಾತ್ರ ದೊಡ್ಡವನ ಹಾಗೆ ಕೊಲ್ಲುತ್ತೇವೆ" ಎಂದಳು. "ಆತ್ಮರಕ್ಷಣೆ ಎಲ್ಲರಿಗೂ ಇರುವ ಹಕ್ಕು. ಆದರೆ ಎದುರಿನ ಅಪಾಯ ಎಷ್ಟೋ ಅಷ್ಟೇ ಬಲ. ಐದು ಜನ ಪೊಲೀಸರ ನಡುವೆ ಒಬ್ಬ ಹುಡುಗ. ಕಾಲಿಗೆ ಇಟ್ಟ ಗುರಿ ಬೆನ್ನಿಗೆ ಬಿತ್ತು ಅಂದರೆ ಅವನು ಯಾವ ಕಡೆ ಮುಖ ಮಾಡಿದ್ದ? ಸತ್ತ ಅಜ್ಜಿಗೆ ನ್ಯಾಯ ಬೇಕು. ಅದನ್ನು ಕೊಡಬೇಕಾದದ್ದು ಕೋರ್ಟು. ಹೊಲದಲ್ಲಿ ಸಿಕ್ಕಿದ್ದು ನ್ಯಾಯವಲ್ಲ, ಇನ್ನೊಂದು ಹೆಣ."

ಚಪ್ಪಾಳೆಗೂ ಮೊದಲು ಒಂದು ಕ್ಷಣ ಸಭಾಂಗಣದಲ್ಲಿ ಸದ್ದೇ ಇರಲಿಲ್ಲ. ಆ ಮೌನ ನನಗೆ ಗೊತ್ತು. ಮೂರು ಸಲವೂ ಅವಳಿಗೆ ಸಿಕ್ಕಿತ್ತು, ನನಗೆ ಸಿಕ್ಕಿರಲಿಲ್ಲ. ನಾನು ಅಪ್ಪನ ಕಡೆ ನೋಡಿದೆ. ಅವನು ಬಾಯಿ ಸ್ವಲ್ಪ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದ, ನಮ್ಮ ಮನೆಯ ಮಂಚದ ಮೇಲೆ ಕೂತು ನೋಡಿದ ಹಾಗೇ. ಅವಳು ಮಾತಾಡಿದ್ದು ಅವನ ವಿರುದ್ಧವೇ. ಆದರೂ ನೋಡುತ್ತಿದ್ದ.

ನಾನು ಎದ್ದೆ. ಮೂರು ನಿಮಿಷ ಟಿಪ್ಪಣಿಯಂತೆಯೇ ಹೋಯಿತು. ಮಚ್ಚಿಗೆ ವಯಸ್ಸಿಲ್ಲ ಎಂದೆ. ಅಜ್ಜಿಯ ಮಕ್ಕಳು ಯಾರನ್ನು ಕೇಳಬೇಕು ಎಂದೆ. ಅರ್ಧ ಕ್ಷಣದಲ್ಲಿ ತೀರ್ಮಾನ ಮಾಡಬೇಕಾದವನನ್ನು ಫ್ಯಾನಿನ ಕೆಳಗೆ ಕೂತು ಅಳೆಯುತ್ತೀರಿ ಎಂದೆ. ಮೂರನೇ ಸಾಲಿನಲ್ಲಿ ಒಬ್ಬ ಮೊಬೈಲು ನೋಡುತ್ತಿದ್ದ. ಚನ್ನವೀರಯ್ಯನವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನಾಲ್ಕನೇ ಸಲವೂ ದ್ವಿತೀಯ ಎಂದು ಗೊತ್ತಾಯಿತು.

ಅವಳಲ್ಲಿ ಇಲ್ಲದ್ದು ನನ್ನಲ್ಲಿ ಒಂದೇ ಇತ್ತು. ಕಾಗದ ಮಡಚಿಟ್ಟೆ.

"ನನ್ನ ಗೆಳತಿ ಪೊಲೀಸರನ್ನು ಪತ್ರಿಕೆಯಲ್ಲಿ ನೋಡಿದ್ದಾಳೆ. ನಾನು ಮನೆಯಲ್ಲಿ ನೋಡಿದ್ದೇನೆ. ಆ ಹೊಲದಲ್ಲಿ ನನ್ನ ತಂದೆ ಇದ್ದರು. ಆ ಹುಡುಗ ಬಿದ್ದಾಗ ಅವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಜೀಪಿನವರೆಗೆ ಓಡಿದವರು ಅವರು. ಅವರ ಅಂಗಿಯನ್ನು ನನ್ನ ತಾಯಿ ಮೂರು ಸಲ ಒಗೆದರು. ಆ ಅಂಗಿಯ ಮೇಲೆ ಇದ್ದದ್ದೆಲ್ಲ ಆ ಹುಡುಗನ ರಕ್ತ. ನನ್ನ ತಂದೆಯದು ಒಂದು ಹನಿಯೂ ಇರಲಿಲ್ಲ. ಇವರನ್ನು ನೀವು ಕೊಲೆಗಾರರು ಅನ್ನುತ್ತೀರಾ?"

ಮೌನ ಬಂತು. ಅವಳಿಗೆ ಸಿಗುತ್ತಿದ್ದದ್ದಕ್ಕಿಂತ ಉದ್ದದ ಮೌನ. ಮೊಬೈಲಿನವನು ತಲೆ ಎತ್ತಿದ್ದ. ಆಮೇಲೆ ಚಪ್ಪಾಳೆ. ನಾನು ಅಪ್ಪನನ್ನು ಹುಡುಕಿದೆ. ಅವನು ಅಳುತ್ತಿರಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ಕೂತಿದ್ದ.

ನಾನು ಏನು ಹೇಳಿಬಿಟ್ಟೆ ಎಂದು ಆಗ ತಿಳಿಯಿತು. ಎಡಗೈಗೆ ಮೊದಲೇ ಮಚ್ಚಿನೇಟು ಬಿದ್ದಿದ್ದರೆ ಆ ಅಂಗಿಯ ಮೇಲೆ ಅವನ ರಕ್ತ ಇರಬೇಕಿತ್ತು. ನರ ತುಂಡಾದ ಕೈಯಲ್ಲಿ ಯಾರೂ ಯಾರನ್ನೂ ಎತ್ತುವುದಿಲ್ಲ. ಹತ್ತು ಸಲ ಒಪ್ಪಿಸಿಕೊಂಡ 'ನಂತರ'ವನ್ನು ನಾನೇ ಮರೆತಿದ್ದೆ.

"ಕುಮಾರಿ ಸಂಹಿತಾ, ಪ್ರಶ್ನೆ" ಎಂದರು ನಿರೂಪಕರು.

ಸಂಹಿತಾ ನನ್ನ ಮಾತಿನ ನಡುವೆ ಚೀಟಿಯಲ್ಲಿ ಏನೋ ಬರೆದುಕೊಂಡಿದ್ದಳು. ಎದ್ದು ನಿಂತು ಕೊನೆಯ ಸಾಲಿನ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಬಾಲನ್ಯಾಯ ಕಾಯಿದೆಯ ಉದ್ದೇಶವನ್ನು ನೀವು ಒಪ್ಪುತ್ತೀರಾ?"

ಶಾಲೆಯ ಮಕ್ಕಳು ಕೇಳುವ ಪ್ರಶ್ನೆ. ನಾನು ಏನೋ ಉತ್ತರಿಸಿದೆ. ಪ್ರಥಮ ನಾನೇ ಬಂದೆ. ಚನ್ನವೀರಯ್ಯನವರು ಮೈಕಿನಲ್ಲಿ, "ಆ ಎರಡು ಕೈಗಳಿಗೆ ನನ್ನ ನಮಸ್ಕಾರ" ಎಂದು ಹಿಂದಿನ ಸಾಲಿಗೆ ಕೈ ಮುಗಿದರು. ಅಷ್ಟು ಹೊತ್ತಿಗೆ ಆ ಕುರ್ಚಿ ಖಾಲಿಯಾಗಿತ್ತು.

ಕಾಲೇಜಿನ ಗೇಟಿನ ಹತ್ತಿರ ಸಂಹಿತಾ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು.

"ನೇತ್ರಾ, ಅವ್ರು ವಿಡಿಯೋ ಹಾಕ್ಬಿಟ್ಟಿದಾರೆ, ಕಾಲೇಜ್ ಪೇಜಲ್ಲಿ. ತೆಗೆಸ್ಬೇಕು. ಅಮ್ಮಂಗೆ ಇಲ್ಲಿಯ ಪ್ರಿನ್ಸಿಪಾಲ್ ಗೊತ್ತು. ಮಾತಾಡ್ಲಾ?"

"ಚೀಟೀಲಿ ಏನ್ ಬರ್ದಿದ್ದೆ?"

"ಬಿಡೇ ಅದನ್ನ."

"ಹೇಳು."

"'ಹಾಗಾದ್ರೆ ಕೈಗೆ ಗಾಯ ಯಾವಾಗ ಆಯ್ತು' ಅಂತ."

"ಯಾಕ್ ಕೇಳ್ಲಿಲ್ಲ?"

"ನಿಮ್ಮಪ್ಪ ಅಲ್ಲೇ ಕೂತಿದ್ರಲ್ಲೇ. ಹೇಗ್ ಕೇಳ್ಲಿ?"

"ಆ ಹುಡ್ಗನ ಅಮ್ಮ ಕೂತಿರ್ಲಿಲ್ಲ. ಅದಕ್ಕೆ ನೀನು ಬಿಟ್ಬಿಟ್ಟೆ."

 ಸಂಹಿತಾಗೆ ಉತ್ತರ ಸಿಗದಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಂತೋಷವಾಗಬೇಕಿತ್ತು. ಆದರೆ ಕೈಯಲ್ಲಿದ್ದ ಶೀಲ್ಡ್ ಅವಳು ಬಿಟ್ಟುಕೊಟ್ಟದ್ದು ಎಂದು ಗೊತ್ತಾಗಿಬಿಟ್ಟಿತ್ತು. ನಾನು ಅಪ್ಪನನ್ನೇ ಪಣಕ್ಕಿಟ್ಟು ಗೆದ್ದದ್ದನ್ನು ಅವಳು ಒಂದು ಚೀಟಿ ಮುದುರಿ ದಾನ ಮಾಡಿದ್ದಳು.

"ನಿಂಗೆ ಬೇಕಾದ್ದು ಮಾಡ್ಕೋ" ಎಂದು ಬಸ್ಸು ಹತ್ತಿದೆ.

ಆ ವಿಡಿಯೋವನ್ನು ನಾನು ಬಸ್ಸಿನಲ್ಲೇ ಫೋನಿಗೆ ಇಳಿಸಿಕೊಂಡೆ. ಅದರಲ್ಲಿ ಇರುವುದು ಅಪಾಯ ಎಂದು ಗೊತ್ತಿದ್ದೂ ಆರು ಸಲ ನೋಡಿದೆ. ಮಾತಲ್ಲ, ಆಮೇಲಿನ ಮೌನವನ್ನು.

ಶನಿವಾರ ಕುಣಿಗಲ್ಲಿಗೆ ಹೋದೆ. ಅಪ್ಪ ಬೈಯಲಿಲ್ಲ. ಭಾನುವಾರ ತಿಂಡಿ ಆದ ಮೇಲೆ ಹೇಳಿಕೆಯ ಹಾಳೆ ತಂದು ನನ್ನ ಮುಂದೆ ಇಟ್ಟ.

"ಒಂದ್ ಸಾಲು ಸೇರ್ಸವ್ವ. ಗಾಯ ಆಗಿದ್ ಕೈಗೆ ಟವಲ್ ಸುತ್ಕೊಂಡು ಎತ್ಕೊಂಡೆ ಅಂತ. ಅದಕ್ಕೆ ಅಂಗಿ ಮೇಲೆ ಬೀಳ್ಲಿಲ್ಲ ಅಂತ."

ನಾನು ಪೆನ್ನು ತೆಗೆದುಕೊಂಡೆ. ಬರೆಯುವವಳೇ ಇದ್ದೆ. ಅಷ್ಟರಲ್ಲಿ ಅವನಿಗೆ ಫೋನು ಬಂತು, ಸಂಹಿತಾದು.

"ಹೇಳವ್ವ... ಹೌದಾ? ತೆಗುದ್ರಾ? ಪೂರ್ತಿ? ಅಯ್ಯೋ ತಾಯಿ, ನಿಮ್ಮಮ್ಮಂಗೆ ನಾನ್ ಕೈ ಮುಗ್ದೆ ಅನ್ನು. ನಿನ್ನಿಂದ ಬದುಕ್ಕೊಂಡೆ ಕಣವ್ವ... ಇಲ್ಲ ಇಲ್ಲ, ನೀನ್ ಮಾಡಿದ್ದು ಯಾರೂ ಮಾಡಲ್ಲ."

ಫೋನಿಟ್ಟು ನನ್ನ ಕಡೆ ತಿರುಗಿದ. ಮುಖದಲ್ಲಿ ಎರಡು ದಿನದಿಂದ ಇಲ್ಲದ ಕಳೆ ಬಂದಿತ್ತು.

"ಆ ಹುಡ್ಗಿಗೆ ಎಲ್ಲಾ ಗೊತ್ತಾಗೈತೆ ಅಲ್ವಾ? ಗೊತ್ತಾದ್ರೂ ಬಾಯ್ ಬುಡ್ಲಿಲ್ಲ. ಏನ್ ಗುಣ ಕಣೆ ಅವ್ಳ್ದು. ನಿಂಗೂ ಒಸಿ ಬರ್ಬಾರ್ದಾ?"

ನಾನು ಪೆನ್ನು ಕೆಳಗಿಟ್ಟೆ.

"ಹಂಗಾದ್ರೆ ಅವ್ಳ ಹತ್ರಾನೇ ಬರೆಸ್ಕೋ."

"ಏನು?"

"ನಾನ್ ಬರೆಯಲ್ಲ. ಟವಲ್ ಇರ್ಲಿಲ್ಲ. ನೀನ್ ಎತ್ಕೊಂಡಾಗ ನಿನ್ ಕೈಗೆ ಏನೂ ಆಗಿರ್ಲಿಲ್ಲ."

ಅಮ್ಮ ಬಾಗಿಲಿಗೆ ಬಂದು ನಿಂತಳು. "ಲೇ, ತಲೆ ಕೆಟ್ಟೈತಾ ನಿಂಗೆ?"

"ವಿಡಿಯೋ ನನ್ ಹತ್ರ ಐತೆ" ಎಂದೆ. "ತೆಗುಸ್ದೆ ಅಂದ್ಕೊಂಡವ್ಳೆ ಅವ್ಳು. ನನ್ ಫೋನಲ್ಲೈತೆ."

"ಅಳ್ಸು."

"ಇಲ್ಲ."

ಅಪ್ಪ ಸಿಟ್ಟಾಗಲಿಲ್ಲ. ಇಪ್ಪತ್ತೆಂಟು ವರ್ಷ ಕಳ್ಳರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದವನು. ಹಾಗೇ ನನ್ನನ್ನೂ ನೋಡಿದ.

"ನಿಂಗೆ ಸಿಟ್ಟು ಯಾರ ಮೇಲವ್ವ? ಆ ಹುಡ್ಗನ್ನ ಹೊಡೆದೋರ್ ಮೇಲಾ? ನನ್ ಮೇಲಾ?"

ಹುಡುಗನಿಗಾಗಿ ಎಂದು ಹೇಳಬಹುದಿತ್ತು. ಅದು ವೇದಿಕೆಯ ಮೇಲೆ ಚೆನ್ನಾಗಿರುತ್ತಿತ್ತು.

"ಸಂಹಿತಾ ಮೇಲೆ" ಎಂದೆ.

 ಅಪ್ಪ ಹಾಳೆಯನ್ನು ಎತ್ತಿಕೊಂಡು, ಮಡಿಕೆ ಬಿಡಿಸಿ, ಒಂದು ಸಲ ಓದಿದ.

"ಎಷ್ಟ್ ಜನ ನೋಡಿದ್ರು ಅದನ್ನ, ತೆಗ್ಯೋ ಗಂಟ?"

"ಹದಿನಾಲ್ಕು ಸಾವ್ರ."

"ಅದ್ರಲ್ಲಿ ಒಬ್ಬನ ಹತ್ರ ಇದ್ರೂ ಸಾಕು. ನಮ್ಮನೇಲೇ ಒಂದೈತೆ." ಅಮ್ಮನ ಕಡೆ ನೋಡಿದ. "ಸುಳ್ಳು ಹೇಳಿ ಸಿಕ್ಕಾಕ್ಕೊಂಡ್ರೆ ಡಿಸ್ಮಿಸ್ಸು. ನಿಜ ಹೇಳುದ್ರೆ ಸಸ್ಪೆಂಡು. ಲೆಕ್ಕ ಅಷ್ಟೆ ಪುಟ್ತಾಯಿ."

"ಸಾಹೇಬ್ರು ಸುಮ್ನಿರ್ತಾರಾ?"

"ಇರಲ್ಲ."

ಅಮ್ಮ ನನ್ನನ್ನು ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಒಳಗೆ ಹೋಗಿ ಪಾತ್ರೆ ತೊಳೆಯಲು ಶುರು ಮಾಡಿದಳು. ಅವತ್ತು ಅವಳು ನನ್ನನ್ನು ಊಟಕ್ಕೆ ಕರೆಯಲಿಲ್ಲ.

ಸೋಮವಾರ ಅಪ್ಪನ ಜೊತೆ ನಾನೂ ಹೋದೆ. ಅವನು ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ದಾರಿಯಲ್ಲಿ ಪಾಠ ಒಪ್ಪಿಸಲಿಲ್ಲ. ಕಚೇರಿಯ ಕಾರಿಡಾರಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು, ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಆಧಾರ್ ಕಾರ್ಡಿನ ಜೆರಾಕ್ಸುಗಳು. ಅಪ್ಪ ಅವಳನ್ನು ನೋಡಿ ತಲೆ ತಗ್ಗಿಸಿದ. ಯಾರು ಎಂದು ನಾನು ಕೇಳಲಿಲ್ಲ. ಅವಳ ಪಕ್ಕ ಜಾಗವಿತ್ತು. ನಾನು ಗೋಡೆಗೆ ಒರಗಿ ನಿಂತೆ.

ಒಂದು ಗಂಟೆಯ ಮೇಲೆ ಅಪ್ಪ ಹೊರಗೆ ಬಂದ. ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದೆವು. ಅಲ್ಲಿ ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತು ಹೇಳಿದ.

"ಕೈಗೆ ಗಾಯ ಆಮೇಲಾಯ್ತು ಅಂದೆ. ಯಾರ್ ಮಾಡುದ್ರು ಅಂದ್ರು. ಹೇಳ್ದೆ. ಯಾರ್ ಹೇಳಿ ಮಾಡ್ಸುದ್ರು ಅಂದ್ರು. ಅದನ್ನೂ ಹೇಳ್ದೆ."

"ಏನಂದ್ರು?"

"ಬರ್ಕೊಂಡ್ರು."

ಎರಡು ಲೋಟ ಕಬ್ಬಿನ ಹಾಲು ಕುಡಿದೆವು. ಅವನು ಲೋಟವನ್ನು ಬಲಗೈಯಲ್ಲಿ ಹಿಡಿದಿದ್ದ. ಎಡಗೈಯ ಎರಡು ಬೆರಳು ಮಡಚುವುದಿಲ್ಲ, ಇನ್ನು ಮಡಚುವುದೂ ಇಲ್ಲ ಎಂದು ಶುಕ್ರವಾರ ಡಾಕ್ಟರು ಹೇಳಿದ್ದರಂತೆ. ನನಗೆ ಅದನ್ನು ಆಗ ಹೇಳಿದ.

"ಆ ಹುಡ್ಗಿಗೊಂದ್ ಫೋನ್ ಮಾಡು" ಅಂದ. "ಪಾಪ, ಅಷ್ಟ್ ಕಷ್ಟ ಬಿದ್ದು ತೆಗೆಸುದ್ಲು. ಹಿಂಗಾಯ್ತು ಅಂತ ಹೇಳ್ಬೇಕು."

"ನೀನೇ ಮಾಡು."

ಅವನು ಮಾಡಿದ. ಫೋನನ್ನು ಕಿವಿಗೆ ಹಿಡಿದು, ಮಾತಾಡಲು ಗಂಟಲು ಸರಿಮಾಡಿಕೊಂಡು, ಬಸ್ಸುಗಳ ಕಡೆ ನೋಡುತ್ತ ನಿಂತ. ಆ ಕಡೆ ರಿಂಗಾಗುವುದು ನನಗೂ ಕೇಳುತ್ತಿತ್ತು. ನಾನು ಎಣಿಸಿದೆ. ಎಂಟು ಸಲ.

ಅವಳು ಎತ್ತಲಿಲ್ಲ. ಅಪ್ಪ ಅವಳನ್ನು ಹೊಗಳುವುದನ್ನು ಇವತ್ತು ಕೇಳಬೇಕಾಗಲಿಲ್ಲ, ನನಗೆ ಸಮಾಧಾನವಾಯಿತು.